ಇಪ್ಪತ್ತೊಂದು ಕಡ್ಡಿಯಲ್ಲಿ ಒಂದು ವಿಷ್ಣುಕ್ರಾಂತಿ

ಆಗ ನನಗೆ ನಲವತ್ತಮೂರು. ಅದಾಗಿ ನಲವತ್ತು ವರ್ಷವಾಯಿತು. ಈಗೆಷ್ಟು ಅನ್ನುವುದನ್ನು ನೀವೇ ಕೂಡಿಸಿಕೊಳ್ಳಿ.

ಉಲ್ಲಾಳದ ಪಕ್ಕ ನಮ್ಮೂರು. ಆಗ ಅದು ಊರೇ ಆಗಿತ್ತು: ಒಂದು ಕೆರೆ, ಹೊಲಗಳು, ಒಂದು ದಿನ್ನೆ, ಊರಾಚೆ ಒಂದು ಸುಡುಗಾಡು. ನಾನು ಸೊಪ್ಪು ಮಾರುತ್ತಿದ್ದೆ. ಇನ್ನೂ ಕತ್ತಲಿರುವಾಗಲೇ ಕಿತ್ತು, ಆರು ಗಂಟೆಯ ಬಸ್ಸಿಗೆ ಕುಕ್ಕೆ ಹಾಕಿ, ವಿಜಯನಗರದಲ್ಲಿ ಇಳಿದು, ಬಸವೇಶ್ವರನಗರ, ರಾಜಾಜಿನಗರದ ಬೀದಿಗಳಲ್ಲಿ ಕೂಗಿಕೊಂಡು ಹೋಗುವುದು. ದಂಟು, ಮೆಂತ್ಯ, ಅಣ್ಣೆ, ಹೊನಗೊನೆ. ವರ್ಷಕ್ಕೊಮ್ಮೆ, ಗೌರಿ ಹಬ್ಬದ ದಿನ ಮಾತ್ರ, ಸೊಪ್ಪು ಬಿಟ್ಟು ಪತ್ರೆ.

ಗಣಪತಿಗೆ ಇಪ್ಪತ್ತೊಂದು ಬಗೆಯ ಎಲೆ ಏರಿಸಬೇಕು ಅನ್ನುವುದು ಶಾಸ್ತ್ರ. ಗರಿಕೆ, ಬಿಲ್ವ, ಎಕ್ಕ, ಉಮ್ಮತ್ತಿ, ಉತ್ತರಾಣಿ, ಬನ್ನಿ, ಲಕ್ಕಿ, ಹೀಗೆ. ಪೇಟೆಯ ಮನೆಯವರಿಗೆ ಇವೆಲ್ಲ ಎಲ್ಲಿ ಸಿಗಬೇಕು? ನಾವು ಕಟ್ಟು ಕಟ್ಟಿ ತಂದರೆ ಕೊಳ್ಳುತ್ತಿದ್ದರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಒಂದು ವರ್ಷವೂ ಇಪ್ಪತ್ತೊಂದು ಬಗೆ ಕಟ್ಟಲಿಲ್ಲ. ಅತ್ತೆ ನನಗೆ ತೋರಿಸಿಕೊಟ್ಟದ್ದು ಹದಿನೈದು. ದೇವದಾರು ಅಂತ ಸರ್ವೆ ಮರದ ಒಂದು ಗರಿ ಸೇರಿಸಿದರೆ ಹದಿನಾರು. ಮಿಕ್ಕದ್ದಕ್ಕೆ ಗರಿಕೆ ಮೂರು ಕಡ್ಡಿ ಹೆಚ್ಚು, ಮಾವಿನೆಲೆ ಎರಡು ಹೆಚ್ಚು. ಕೊಳ್ಳುವವರು ಕಡ್ಡಿ ಎಣಿಸುತ್ತಿದ್ದರು, ಎಲೆ ನೋಡುತ್ತಿರಲಿಲ್ಲ. ಪತ್ರೆ ಮಾರುವ ಹೆಂಗಸರೆಲ್ಲ ಮಾಡುತ್ತಿದ್ದುದು ಅದನ್ನೇ.

ಆದರೆ ವಿಷ್ಣುಕ್ರಾಂತಿಯಲ್ಲಿ ನಾನು ಮೋಸ ಮಾಡಲಿಲ್ಲ. ಅದು ನೆಲಕ್ಕೆ ಅಂಟಿಕೊಂಡು ಹರಡುವ ಸಣ್ಣ ಗಿಡ, ಎಲ್ಲೆಂದರಲ್ಲಿ ಬರುವುದಿಲ್ಲ. ಬೇರೆಯವರು ಅದರ ಜಾಗಕ್ಕೆ ನೆಲನೆಲ್ಲಿ ಇಟ್ಟು ಕಟ್ಟುತ್ತಿದ್ದರು. ನಮ್ಮೂರ ದಿನ್ನೆಯ ಮೇಲೆ ನಿಜವಾದದ್ದೇ ಇತ್ತು. ರಾಜಾಜಿನಗರದಲ್ಲಿ ಪೂಜೆ ಮಾಡಿಸುವ ಒಬ್ಬ ಮುದುಕರು ಕಟ್ಟು ಬಿಚ್ಚಿ ಮೊದಲು ಅದನ್ನೇ ಹುಡುಕುತ್ತಿದ್ದರು. ಸಿಕ್ಕಿದ ಮೇಲೆ, "ನಿನ್ನದು ಪತ್ರೆ ಕಣಮ್ಮ, ಮಿಕ್ಕವರದು ಮೇವು" ಅನ್ನುತ್ತಿದ್ದರು. ಸರ್ವೆ ಗರಿ ಕಣ್ಣಿಗೆ ಬಿದ್ದರೂ ಸುಮ್ಮನಿರುತ್ತಿದ್ದರು. ಅವರ ಮಾತಿನಿಂದ ಆ ಬೀದಿಯ ಅಷ್ಟೂ ಮನೆಗಳು ನನ್ನ ಕುಕ್ಕೆಗೇ ಕಾಯುತ್ತಿದ್ದವು. ನನ್ನ ಕುಕ್ಕೆಗೆ ಇದ್ದ ಮರ್ಯಾದೆ ಆ ಒಂದು ಗಿಡದ್ದು.

ಆ ವರ್ಷದ ಗೌರಿ ಹಬ್ಬದ ದಿನ ಬಸವೇಶ್ವರನಗರದ ಒಂದು ಹೊಸ ಮನೆಯವರು ಕೂಗಿ ಕರೆದರು. ಮೂವತ್ತು ದಾಟಿದ ಹೆಂಗಸು. ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವ ಮೇಡಂ ಅಂತ ಆಮೇಲೆ ಗೊತ್ತಾಯಿತು. ಸೊಪ್ಪಿನವಳನ್ನು ನೀವು ಅಂದ ಮನೆ ಆ ಬೀದಿಯಲ್ಲಿ ಅದೊಂದೇ. ಕಟ್ಟು ತೆಗೆದುಕೊಂಡವರು ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಬಾಳೆನಾರು ಬಿಚ್ಚಿ, ಎಲೆಗಳನ್ನು ಒಂದೊಂದಾಗಿ ಸಾಲಿಗೆ ಜೋಡಿಸತೊಡಗಿದರು. ಇದೇನಪ್ಪ ಗ್ರಹಚಾರ ಅಂದುಕೊಂಡೆ.

"ಹದಿನಾರೇ ಇದೆಯಲ್ಲಮ್ಮ."

"ಇಪ್ಪತ್ತೊಂದೈತೆ. ಕಡ್ಡಿ ಎಣಿಸ್ಕೊಳ್ಳಿ."

"ಕಡ್ಡಿ ಇಪ್ಪತ್ತೊಂದು, ಸರಿ. ಗಿಡ ಹದಿನಾರು. ಅದ್ರಲ್ಲೂ ಇದು ದೇವದಾರು ಅಲ್ಲ, ಸರ್ವೆ."

"ಇಷ್ಟು ವರ್ಷ ಗಣಪತಿನೇ ಏನೂ ಅಂದಿಲ್ಲ. ನೀವ್ಯಾಕೆ ಅಂತೀರಿ?"

ಮೇಡಂ ಜೋರಾಗಿ ನಕ್ಕರು. ನಗುತ್ತಲೇ ಒಂದು ಎಳೆಯನ್ನು ಕೈಗೆತ್ತಿಕೊಂಡವರು ಅದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಎತ್ತಿಕೊಂಡದ್ದು ವಿಷ್ಣುಕ್ರಾಂತಿ.

"ಯಾಕೆ, ಅದೂ ಸುಳ್ಳಾ?" ಅಂದೆ.

"ಅಲ್ಲ, ಇದು ನಿಜ. ಎರಡು ವರ್ಷದಿಂದ ಇದನ್ನ ಹುಡುಕ್ತಾ ಇದೀನಿ. ನಾಗರಭಾವಿ ಕಡೆ ಇತ್ತಂತೆ, ಹೋಗಿ ನೋಡಿದ್ರೆ ಮನೆಗಳು ಎದ್ದಿವೆ. ಬೇರು ಸಮೇತ ಇದೆಯಲ್ಲ, ನೀವೇ ಕಿತ್ತಿದ್ದಾ?"

"ಇನ್ನೇನು, ಅದೇ ನಡ್ಕೊಂಡು ಬಂತಾ?"

ಜಾಗ ತೋರಿಸಿ ಅಂದರು. ಆಗಲ್ಲ ಅಂದೆ. ಜಾಗ ತೋರಿಸಿದರೆ ವ್ಯಾಪಾರ ಹೋದಂತೆ. "ನಾನು ಪತ್ರೆ ಮಾರಲ್ಲಮ್ಮ, ಸುಮ್ನೆ ನೋಡ್ತೀನಿ" ಅಂದರು. ಕಿತ್ತು ತಂದುಕೊಟ್ಟ ಗಿಡ ಕೈಯಲ್ಲೇ ಇದೆ, ಅದನ್ನು ನೋಡಲು ಬಸ್ಸು ಹತ್ತಿ ಉಲ್ಲಾಳಕ್ಕೆ ಬರುತ್ತಾರಂತೆ! ಅದರಲ್ಲಿ ಅಂಥದ್ದೇನು ನೋಡುವುದಿದೆ? ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎರಡು ದಿನ ಕಳೆದು ನಾನೇ ಹೋಗಿ, ಭಾನುವಾರ ಬನ್ನಿ ಅಂದೆ.

ಬಂದರು. ಬಿಸಿಲೇರಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ. ಒಂದು ಬಟ್ಟೆ ಚೀಲ, ಹಳೆ ಪೇಪರಿನ ಕಟ್ಟು, ಎರಡು ಹಲಗೆ, ಒಂದು ಭೂತಗನ್ನಡಿ. ದಿನ್ನೆ ಹತ್ತಿದೆವು. ಒಂದು ಕಡೆಯ ಇಳಿಜಾರಿನಲ್ಲಿ ಬರೀ ಕಾಂಗ್ರೆಸ್ ಗಿಡ ಎದ್ದಿತ್ತು. ಇನ್ನೊಂದು ಕಡೆ, ನಾನು ಹಬ್ಬಕ್ಕೆ ಕಿತ್ತು ಉಳಿದ ವಿಷ್ಣುಕ್ರಾಂತಿ, ಎರಡು ಮಂಚದಗಲ.

ಅಷ್ಟಗಲ ನೆಲ ನೀಲಿಯಾಗಿತ್ತು.

"ಇದಕ್ಕೆ ಹೂ ಬಿಡ್ತದಾ?" ಅಂದೆ.

ಮೇಡಂ ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರೋ ಏನೋ. ಇಪ್ಪತ್ತೈದು ವರ್ಷ ಆ ಗಿಡ ಕಿತ್ತಿದ್ದೇನೆ. ಕಿತ್ತದ್ದೆಲ್ಲ ಕತ್ತಲಲ್ಲಿ. ಹಗಲು ಹೊತ್ತಿನಲ್ಲಿ ನಾನು ವಿಜಯನಗರದ ರಸ್ತೆಯಲ್ಲಿರುತ್ತಿದ್ದೆ. ಮಧ್ಯಾಹ್ನ ತಿರುಗಿ ಬಂದವಳಿಗೆ ದಿನ್ನೆ ಹತ್ತುವ ಕೆಲಸ ಏನಿತ್ತು?

"ಬೆಳಿಗ್ಗೆ ಬಿಸಿಲು ಬಂದ್ಮೇಲೆ ಅರಳುತ್ತೆ, ಮಧ್ಯಾಹ್ನಕ್ಕೆ ಮುಚ್ಕೊಳ್ಳುತ್ತೆ. ನಾಳೆ ಬೇರೆ ಹೂ" ಅಂದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕೂತು ಭೂತಗನ್ನಡಿ ಇಸಕೊಂಡು ನೋಡಿದೆ. ಅಂಗಿ ಗುಂಡಿಯಷ್ಟಗಲದ ಹೂ, ನಡುವೆ ಬಿಳಿ. ಎಲೆಯ ಮೇಲೆ ಎಳೆಗರುವಿನ ಕಿವಿಯಲ್ಲಿರುವಂಥ ಬೆಳ್ಳನೆ ಕೂದಲು. ಒಂದು ಇರುವೆ ಹೂವಿನೊಳಗೆ ತಲೆ ಹಾಕಿ ಹೊರಗೆ ಬಂತು. ಗಾಜನ್ನು ಕೊಡಿ ಅಂತ ಮೇಡಂ ಎರಡು ಸಲ ಕೇಳಬೇಕಾಯಿತು.

ಆವತ್ತು ಮೇಡಂ ದಿನ್ನೆಯ ಮೇಲಿದ್ದ ಒಂದೊಂದು ಗಿಡದ ಹೆಸರನ್ನೂ ನನ್ನ ಬಾಯಿಂದ ಹೇಳಿಸಿ, ಒಂದೊಂದು ರೆಂಬೆಯನ್ನು ಪೇಪರಿನ ನಡುವೆ ಇಟ್ಟು, ಪಕ್ಕದಲ್ಲಿ ಬರೆದುಕೊಂಡರು. ನಾನು ಹೆಸರು ಹೇಳಿದರೆ ಅವರು ಅದು ನಮ್ಮ ನೆಲದ್ದೋ ಹೊರಗಿಂದ ಬಂದದ್ದೋ ಅಂತ ಹೇಳುತ್ತಿದ್ದರು. ಆವರಿಕೆ ನಮ್ಮದು. ತುಂಬೆ ನಮ್ಮದು. ಮುಟ್ಟಿದರೆ ಮುನಿ ಬಂದದ್ದು.

"ಸುಳ್ಳು. ಅದನ್ನ ನಾನು ಚಿಕ್ಕೋಳಿದ್ದಾಗಿಂದ ನೋಡಿದೀನಿ."

"ನಿಮಗಿಂತ ಮುಂಚೆ ಬಂದಿದೆ. ಸಮುದ್ರ ದಾಟಿ ಬಂದಿದ್ದು. ಮೆಣಸಿನಕಾಯೂ ಹಾಗೇ ಬಂದಿದ್ದು."

"ಮೆಣಸಿನಕಾಯಾ? ಹಂಗಾದ್ರೆ ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಸಾರಿಗೆ ಏನು ಹಾಕ್ತಿದ್ಲು?"

"ಕರಿಮೆಣಸು."

ಮನೆಗೆ ಹೋಗಿ ಇದನ್ನು ಹೇಳಿದರೆ ಒಬ್ಬರೂ ನಂಬಲಿಲ್ಲ. ನಾನೂ ಅರ್ಧವೇ ನಂಬಿದ್ದೆ.

ಇಳಿಯುವ ಮೊದಲು ಮೇಡಂ ಕೇಳಿದರು, "ಮೊದಲು ಇದು ಎಷ್ಟಿತ್ತು?"

"ನಾನು ಮದುವೆಯಾಗಿ ಬಂದಾಗ ದಿನ್ನೆ ಪೂರ್ತಿ ಇತ್ತು."

"ಈಗ್ಯಾಕೆ ಇಷ್ಟೇ?"

"ಮೇಕೆ ತಿಂದ್ವು."

"ಮೇಕೆ ತಿಂದ್ರೆ ಬೇರು ಉಳಿಯುತ್ತಲ್ಲಮ್ಮ. ಬೇರಿದ್ರೆ ಮಳೆ ಬಿದ್ದಾಗ ಮತ್ತೆ ಚಿಗುರುತ್ತೆ."

ಅವರು ಒಂದು ಎಳೆಯನ್ನು ಉಗುರಿನಿಂದ ಚಿವುಟಿ, ಹೀಗೆ ತೆಗೆದರೆ ಗಿಡಕ್ಕೆ ಏನೂ ಆಗುವುದಿಲ್ಲ ಅಂತ ತೋರಿಸಿದರು. ಬೇರು ಸಮೇತ ಕೀಳಬೇಕು ಅಂತ ಹೇಳಿಕೊಟ್ಟವಳು ಅತ್ತೆ. ಬೇರಿದ್ದರೆ ನೀರು ಚಿಮುಕಿಸಿ ಎರಡು ದಿನ ಬಾಡದಂತೆ ಇಡಬಹುದು, ಅದು ಒಂದು. "ಬೇರಿಲ್ಲದ್ದು ದೇವರಿಗೆ ಸಲ್ಲಲ್ಲ" ಅನ್ನುತ್ತಿದ್ದಳು, ಅದು ಇನ್ನೊಂದು. ಎರಡನೆಯದನ್ನು ಅವಳು ಮೊದಲನೆಯದಕ್ಕಾಗಿ ಹುಟ್ಟಿಸಿದ್ದಳು ಅಂತ ಈಗ ಅನಿಸುತ್ತದೆ. ಅವಳು ಕಿತ್ತಳು, ಅವಳಾದ ಮೇಲೆ ನಾನು ಕಿತ್ತೆ. ದಿನ್ನೆ ಬೋಳಿಸಿದ ಮೇಕೆ ನಾವೇ.

ಕೆಳಗೆ ಇಳಿಯುವಾಗ ಸುಣ್ಣ ಬಳಿದ ಕಲ್ಲುಗಳನ್ನು ಕಂಡು, ಇದೇನು ಅಂದರು ಮೇಡಂ.

"ಸೈಟು. ದಿನ್ನೆಯವರು ಮಾರ್ಬಿಟ್ರು. ದೀಪಾವಳಿ ಕಳೆದ್ಮೇಲೆ ಮಟ್ಟ ಮಾಡ್ತಾರಂತೆ."

ಅದು ನನಗೆ ಮೂರು ತಿಂಗಳಿಂದ ಗೊತ್ತಿತ್ತು. ದಿನ್ನೆ ನಮ್ಮದಲ್ಲ, ಹೋದರೆ ಹೋಗಲಿ ಅಂತ ಇದ್ದೆ. ಆವತ್ತು ಹೇಳಿದ ಮೇಲೆ ತಿರುಗಿ ದಿನ್ನೆಯ ಕಡೆ ನೋಡಿದೆ. ಆ ಎರಡು ಮಂಚದಗಲ ಹೋದರೆ ನಮ್ಮ ಕಡೆ ವಿಷ್ಣುಕ್ರಾಂತಿ ಮುಗಿಯಿತು. ಬೇರೆ ಜಾಗ ಅತ್ತೆಗೂ ಗೊತ್ತಿರಲಿಲ್ಲ, ಮೇಡಮ್ಮಿಗೂ ಗೊತ್ತಿರಲಿಲ್ಲ.

ಮಾರನೆಯ ವಾರ ಎಂಟು ಗಿಡ ಅಗೆದು ತಂದು ಎಣ್ಣೆ ಡಬ್ಬಗಳಿಗೆ ಹಾಕಿದೆ. ಸೊಪ್ಪು ಬೆಳೆಸುವ ಕೈ ನನ್ನದು, ನನಗೆ ಯಾರು ಹೇಳಿಕೊಡಬೇಕು? ಹಳೇ ತಿಪ್ಪೆ ಗೊಬ್ಬರ, ಕೆರೆಯ ಗೋಡು, ಎರಡು ಹೊತ್ತು ನೀರು. ನಮ್ಮ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ಪಕ್ಕದ ಮನೆಯಲ್ಲೇ ಇದ್ದಳು. ಅವಳಿಗೆ ಇದು ದೊಡ್ಡ ತಮಾಷೆ.

"ಏನಕ್ಕ, ಕಳೆಗೂ ಗೊಬ್ಬರಾನಾ? ಅಲ್ಲಿ ದಂಟು ಬಾಯಿ ಬಿಡ್ತೈತೆ."

"ನಿನ್ನ ಬಾಯಿ ಮುಚ್ಚು, ದಂಟಿನ ಬಾಯಿ ನಾನು ನೋಡ್ಕೊತೀನಿ."

ಹತ್ತು ದಿನಕ್ಕೆ ಎಂಟೂ ಕೊಳೆತವು. ಮೇಡಂ ಮನೆಯ ಕುಂಡದಲ್ಲಿ ಹಾಕಿದ್ದೂ ಸತ್ತಿತು. ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಓದಿದವರ ಕೈಯಲ್ಲೂ ಸತ್ತಿತಲ್ಲ!

ಯಾಕೆ ಸತ್ತಿತು? ಇದು ನಮ್ಮಿಬ್ಬರನ್ನೂ ಹಿಡಿದುಕೊಂಡಿತು. ಇನ್ನೊಂದು ಭಾನುವಾರ ದಿನ್ನೆಯ ಮೇಲೆ ಗಿಡದ ಪಕ್ಕ ಹಾರೆಯಲ್ಲಿ ಅಗೆದು ನೋಡಿದೆವು. ಮೇಲೆ ಎರಡು ಬೆರಳು ಮಣ್ಣು, ಅದರ ಕೆಳಗೆ ಬರೀ ಗರಸು, ಕಲ್ಲು. ಬೇರು ಆ ಕಲ್ಲಿನ ಸಂದಿಯಲ್ಲಿ ಮೊಳದುದ್ದ ಇಳಿದಿತ್ತು. ನಾನು ಬಾಣಂತಿಗೆ ಹಾಕಿದ ಹಾಗೆ ಹಾಕಿದ್ದೆ, ಅದು ಉಪವಾಸದ ಗಿಡ. ಗೊಬ್ಬರವೇ ಅದಕ್ಕೆ ವಿಷ. ಹೂ ಮುದುಡಿ ಬಿದ್ದ ಕಡೆ ಸಣ್ಣ ಬುರುಡೆಗಳಿದ್ದವು. ಮೇಡಂ ಒಂದನ್ನು ಒಡೆದರು. ಒಳಗೆ ನಾಲ್ಕು ಬೀಜ, ರಾಗಿಗಿಂತ ಚೂರು ದೊಡ್ಡವು. ಹಬ್ಬಕ್ಕೆ ಅಂತ ಬೇರು ಸಮೇತ ಕಿತ್ತುಬಿಟ್ಟರೆ ಈ ಬೀಜ ನೆಲಕ್ಕೆ ಬೀಳುವುದು ಯಾವಾಗ? ನಾನು ಕೇಳದೆಯೇ ನನಗೆ ಉತ್ತರ ಗೊತ್ತಾಯಿತು. ಬುರುಡೆ ಬಿಡಿಸಿ ಎರಡು ಬೆಂಕಿಪೊಟ್ಟಣ ತುಂಬಿದೆವು, ಅವರಿಗೊಂದು, ನನಗೊಂದು.

ಇನ್ನು ಹಾಕುವುದು ಎಲ್ಲಿ? ಅವರ ಕಾಲೇಜಿನ ತೋಟದ ಮಾಲಿ ಇದನ್ನು ಕಂಡರೆ ಮೊದಲು ಕಿತ್ತು ಬಿಸಾಡುತ್ತಾನೆ ಅಂದರು. ಕೆಂಗೇರಿ ರೈಲು ಹಳಿಯ ಪಕ್ಕ ಗರಸು ನೆಲ ಇದೆ, ಆದರೆ ಬೇಸಿಗೆ ಬಂತೆಂದರೆ ಹುಲ್ಲಿಗೆ ಬೆಂಕಿ ಬೀಳುತ್ತದೆ. ನಮ್ಮೂರ ಗುಡಿಯ ಅಂಗಳಕ್ಕೆ ಆ ವರ್ಷವೇ ಸಿಮೆಂಟು ಬಳಿಯುತ್ತಿದ್ದರು. ಮಾತನಾಡುತ್ತ ಬಸ್ಸಿಗೆ ನಡೆಯುವಾಗ ಸುಡುಗಾಡಿನ ಹತ್ತಿರ ಮೇಡಂ ನಿಂತರು. ನಮ್ಮಲ್ಲಿ ಹೂಳುವುದು. ಸುಡುಗಾಡು ಅನ್ನುತ್ತೇವೆ ಅಷ್ಟೆ.

"ಇಲ್ಲಿ?" ಅಂದರು.

ನೆಲ ನೋಡಿದೆ. ಅದೇ ಕೆಂಪು ಗರಸು. ಗೊಬ್ಬರ ಹಾಕುವವರಿಲ್ಲ, ದನ ಮೇಯಿಸುವವರಿಲ್ಲ, ಮನೆ ಕಟ್ಟುವವರಂತೂ ಇಲ್ಲ.

"ಇಲ್ಲಿ ಬೆಳೆದದ್ದು ದೇವರಿಗೆ ಬರಲ್ಲ" ಅಂದೆ.

"ಗಿಡಕ್ಕೇನು ಗೊತ್ತಾಗುತ್ತಾ?"

"ಗಿಡಕ್ಕೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತಲ್ಲ."

"ದೇವದಾರು ಅಂತ ಸರ್ವೆ ಇಡ್ತೀರಲ್ಲ?"

"ಸರ್ವೆ ಸುಳ್ಳು. ಇದು ಮೈಲಿಗೆ. ಎರಡೂ ಬೇರೆ ಬೇರೆ ಅಮ್ಮಾವ್ರೆ."

ಮೇಡಂ ವಾದ ಮಾಡಲಿಲ್ಲ. "ನಿಮ್ಮೂರು, ನಿಮ್ಮ ಕುಕ್ಕೆ. ನೀವೇ ಯೋಚನೆ ಮಾಡಿ" ಅಂತ ಹೇಳಿ ಬಸ್ಸು ಹತ್ತಿದರು.

ಯೋಚನೆ ಮಾಡುವುದರಲ್ಲೇ ದೀಪಾವಳಿ ಕಳೆಯಿತು. ಒಂದು ಸಂಜೆ ನಾನು ಸೊಪ್ಪು ಕಟ್ಟುತ್ತಿದ್ದಾಗ ಓರಗಿತ್ತಿ ಓಡಿ ಬಂದಳು.

"ಅಕ್ಕೋ, ಬುಲ್ಡೋಜರ್ ಬಂದೈತೆ. ದಿನ್ನೆ ಪಕ್ಕದಾಗೆ ನಿಲ್ಲಿಸವ್ರೆ."

ಹೋಗಿ ನೋಡಿದೆವು. ಗಾಡಿಯ ಡ್ರೈವರು ಮೂರು ಕಲ್ಲು ಇಟ್ಟು ಅನ್ನ ಬೇಯಿಸುತ್ತಿದ್ದ.

"ನಾಳೆ ಎಷ್ಟೊತ್ತಿಗಣ್ಣ ಶುರು?"

"ಎಂಟಕ್ಕೆ ಓನರು ಬರ್ತಾರಕ್ಕ. ಗಣಪತಿ ಪೂಜೆ ಮಾಡಿ, ಗಾಡಿಗೆ ನಿಂಬೆಹಣ್ಣು ಇಟ್ಟು ಶುರು ಮಾಡೋದು."

ತಿರುಗಿ ಬರುವಾಗ ಓರಗಿತ್ತಿಯೇ ಮಾತು ತೆಗೆದಳು.

"ಸುಡುಗಾಡಿಗೆ ಹಾಕ್ತೀಯಾ?"

"ನಿನಗ್ಯಾರು ಹೇಳಿದ್ರು?"

"ನಾಕು ದಿನದಿಂದ ಆ ಕಡೇನೇ ನೋಡ್ಕೊಂಡು ಹೋಗ್ತೀಯ, ನನಗೆ ಕಣ್ಣಿಲ್ವಾ? ಅಲ್ಲಿ ಹಾಕಿದ್ರೆ ಮುಂದಿನ ಹಬ್ಬಕ್ಕೆ ಏನು ಮಾರ್ತೀಯ? ಆ ಅಯ್ಯನೋರು ಕಟ್ಟು ಬಿಚ್ಚಿ ಕೇಳಿದ್ರೆ?"

"ಇಲ್ಲ ಅಂತೀನಿ."

"ಎಲ್ಲರ ಹಂಗೆ ನೆಲನೆಲ್ಲಿ ಇಡು."

"ಅವರಿಗೆ ಗೊತ್ತಾಗ್ತದೆ."

"ಹಂಗಾದ್ರೆ ನಮ್ಮ ಹಿತ್ತಲಿಗೇ ಹಾಕು."

"ಅಲ್ಲಿ ಸಾಯ್ತದೆ, ನೀನೇ ನೋಡಿದ್ಯಲ್ಲ."

ಅವಳು ನಿಂತಳು. "ಅಂದ್ರೆ ಹಿತ್ತಲಲ್ಲಿ ಹಾಕಿದ್ರೆ ಮಡಿಯಾಗಿ ಸಾಯ್ತದೆ, ಅಲ್ಲಿ ಹಾಕಿದ್ರೆ ಮೈಲಿಗೆಯಾಗಿ ಬದುಕ್ತದೆ. ಇದೇ ತಾನೆ?"

"ಹೂಂ, ಇದೇ."

"ಒಳ್ಳೇ ಗಿಡ ಹಿಡ್ಕೊಂಡೆ ಬಿಡಕ್ಕ."

ದೊಡ್ಡ ಮನಸ್ಸು ಮಾಡಿ ತೀರ್ಮಾನ ಮಾಡಿದೆ ಅಂತ ನಾನು ಹೇಳುವುದಿಲ್ಲ. ಮಾರಲು ಸಿಗದ ಗಿಡ ನನಗೇಕೆ ಅಂತ ಎರಡು ಸಲ ಅನಿಸಿತು. ಆದರೆ ಆ ನೆಲದಲ್ಲಿ ಅದು ಬರುತ್ತದೋ ಇಲ್ಲವೋ ಅನ್ನುವುದು ನನಗೆ ಗೊತ್ತಾಗಲೇಬೇಕಿತ್ತು. ಹತ್ತು ಗಂಟೆಯ ಬಿಸಿಲಲ್ಲಿ ಅದನ್ನು ನಾನು ನೋಡಿದ್ದು ಎರಡೇ ಸಲ.

ಬಂತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ದಿನ್ನೆಯಿಂದ ತಂದು ನೆಟ್ಟದ್ದೆಲ್ಲ ಬರಲಿಲ್ಲ, ಮುಕ್ಕಾಲು ಪಾಲು ಒಣಗಿತು. ಮುಂದಿನ ಮುಂಗಾರಿಗೆ ಬೀಜದ್ದು ಎದ್ದಿತು. ಮರುವರ್ಷದ ಹಬ್ಬಕ್ಕೆ ನನ್ನ ಕಟ್ಟಿನಲ್ಲಿ ಇಪ್ಪತ್ತೊಂದು ಕಡ್ಡಿ, ಹದಿನೈದು ಗಿಡ. ರಾಜಾಜಿನಗರದ ಮುದುಕರು ಬಿಚ್ಚಿ ನೋಡಿ, "ಎಲ್ಲಮ್ಮ?" ಅಂದರು. ದಿನ್ನೆ ಹೋಯಿತು ಸ್ವಾಮಿ, ಇಲ್ಲ ಅಂದೆ. ಸುಡುಗಾಡಿನ ಮಾತು ತೆಗೆಯಲಿಲ್ಲ. ಆ ವರ್ಷ ತೆಗೆದುಕೊಂಡರು, ಅದರ ಮುಂದಿನ ವರ್ಷ ಆ ಬೀದಿ ಇನ್ನೊಬ್ಬಳ ಕುಕ್ಕೆಗೆ ಹೋಯಿತು. ಸರ್ವೆ ಇಡುವುದನ್ನು ನಾನು ಬಿಡಲಿಲ್ಲ. ಮೇಡಂ ಮಾತ್ರ ಪ್ರತಿ ಮಳೆಗಾಲದಲ್ಲಿ ಬಂದು, ಸುಡುಗಾಡಿನ ಗುಂಡಿಗಳ ನಡುವೆ ಮಂಡಿಯೂರಿ ಕೂತು, ಎಷ್ಟು ಹೊಸ ಗಿಡ ಅಂತ ಎಣಿಸಿ ಹೋಗುತ್ತಿದ್ದರು. ದಿನ್ನೆ ಇದ್ದ ಕಡೆ ಈಗ ಮೂರು ಮಹಡಿಯ ಮನೆಗಳಿವೆ.

ಆ ಸಂಜೆಯ ಮರುದಿನ ಬೆಳಗ್ಗೆ ಐದಕ್ಕೇ ಎದ್ದೆ. ಹಾರೆ, ಗುದ್ದಲಿ, ಎರಡು ಕುಕ್ಕೆ ತೆಗೆದುಕೊಂಡು ಬಾಗಿಲು ತೆಗೆದರೆ ಓರಗಿತ್ತಿ ತನ್ನ ಕುಕ್ಕೆ ಹಿಡಿದು ಹೊರಗೆ ನಿಂತಿದ್ದಳು. ದಿನ್ನೆಯ ಮೇಲೆ ಹೂಗಳಿನ್ನೂ ಮುಚ್ಚಿದ್ದವು. ಗಿಡದ ಸುತ್ತ ಗೇಣಗಲ ಬಿಟ್ಟು, ಕಲ್ಲು ಗರಸು ಸಮೇತ ಹೆಂಟೆ ಹೆಂಟೆಯಾಗಿ ಎಬ್ಬಿಸಿದೆವು. ಡ್ರೈವರು ಗಾಡಿಯ ಸೀಟಿನಿಂದ ಎದ್ದು ನೋಡಿ, ಇವರಿಗೆ ತಲೆ ಕೆಟ್ಟಿದೆ ಅಂತ ಮತ್ತೆ ಮಲಗಿದ. ಹೆಂಗಸರು ಸುಡುಗಾಡಿನ ಒಳಗೆ ಹೋಗಬಾರದು ಅನ್ನುತ್ತಿದ್ದರು, ಓರಗಿತ್ತಿ ಹೋಗಲಿಲ್ಲ. ಬೇಲಿಯ ಹೊರಗೆ ನಿಂತು ಒಂದೊಂದೇ ಕುಕ್ಕೆ ಎತ್ತಿ ಕೊಟ್ಟಳು. ನಾನು ಒಳಗೆ ಹೋಗಿ, ಅತ್ತೆಯ ಗುಂಡಿಯ ತಲೆ ಕಡೆ ಅಗೆದು ಅಷ್ಟನ್ನೂ ಕೂರಿಸಿದೆ. ಬೆಂಕಿಪೊಟ್ಟಣದ ಬೀಜವನ್ನು ಸುತ್ತ ಉದುರಿಸಿದೆ. ನೀರು ಹಾಕಲು ಕೈ ಹೋಯಿತು, ತಡೆದುಕೊಂಡೆ.

"ಬೇರು ಸಮೇತ ತಂದಿದೀನಿ, ನೋಡ್ಕೊ ಅತ್ತೆ" ಅಂದೆ.

ಆಮೇಲೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಹಿಂದಿನ ದಿನ ಕಟ್ಟಿಟ್ಟ ದಂಟು ಬಾಡಿತ್ತು, ಅದಕ್ಕಷ್ಟು ನೀರು ಚಿಮುಕಿಸಿ, ಎಂಟು ಗಂಟೆಯ ಬಸ್ಸು ಹತ್ತಿದೆ.